ನೀರು ಬಂದಾಗ ನಾನಿರಲಿಲ್ಲ

ನನ್ನ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ, ಯಾತಕ್ಕೆ ಎಂದು ನಾನು ಮೊದಲು ಕೇಳುತ್ತೇನೆ. ಇದು ಕೊಬ್ಬಿನ ಮಾತಲ್ಲ. ನಮ್ಮ ಕಡೆ ನನ್ನ ಓರಗೆಯವರಿಗೆ ಒಂದೇ ವಯಸ್ಸು ಅಂತ ಇಲ್ಲ. ಶಾಲೆಯದು ಒಂದು, ಕನ್ಯೆ ನೋಡಲು ಹೋದಾಗ ಹೇಳಿದ್ದು ಇನ್ನೊಂದು, ಅವ್ವ ಬೈಯುವಾಗ ಎತ್ತುತ್ತಿದ್ದದ್ದು ಮತ್ತೊಂದು. ಎಮ್ಮಿಗನೂರಿನ ನಮ್ಮ ಶಾಲೆಯ ಮಾಸ್ತರರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದವರನ್ನೆಲ್ಲ ಒಂದೇ ತಾರೀಖಿಗೆ ಹುಟ್ಟಿಸಿ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಕೈ ಗಿಡ್ಡ. ವರ್ಷ ವರ್ಷ ಹೋಗಿ ನಿಂತರೂ ಕಿವಿ ಸಿಗುತ್ತಿರಲಿಲ್ಲ. ಕೊನೆಗೊಮ್ಮೆ ಸಿಕ್ಕಿದ ದಿನ ಮಾಸ್ತರರು ನನ್ನನ್ನು ಉಳಿದ ಎಳೆಯರ ಜೊತೆ ಸೇರಿಸಿ ಅವರಷ್ಟೇ ವಯಸ್ಸು ಬರೆದರು. ಹೀಗೆ ಗಿಡ್ಡ ಕೈಯಿಂದ ನನಗೆ ಜೀವನದಲ್ಲಿ ಆದ ಒಂದೇ ಲಾಭವೆಂದರೆ ಮೂರೋ ನಾಲ್ಕೋ ವರ್ಷ.

ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಸರ್ಟಿಫಿಕೇಟನ್ನು ನಮ್ಮ ಕಡೆ ಯಾರೂ ನಂಬುತ್ತಿರಲಿಲ್ಲ. ಖರೇ ವಯಸ್ಸು ತಿಳಿಯಬೇಕೆಂದರೆ ಕೇಳುವ ಪ್ರಶ್ನೆಯೇ ಬೇರೆ. "ಕೆನಾಲಿಗೆ ನೀರು ಬಂದಾಗ ನೀ ಎಷ್ಟು ದೊಡ್ಡಾಂವಿದ್ದಿ?" ಡ್ಯಾಂ ಕಟ್ಟಿ ಮುಗಿದು, ಅಗೆದಿಟ್ಟಿದ್ದ ಕಾಲುವೆಗೆ ಮೊದಲ ಸಲ ನೀರು ಬಿಟ್ಟರಲ್ಲ, ಆ ದಿನದಿಂದ ಹಿಂದಕ್ಕೂ ಮುಂದಕ್ಕೂ ಎಣಿಸುವುದು ನಮ್ಮ ಪಂಚಾಂಗ. ನೀರು ಬಂದಾಗ ತೊಟ್ಟಿಲಲ್ಲಿದ್ದವರು, ನೀರು ಬಂದ ವರ್ಷ ಲಗ್ನವಾದವರು, ನೀರು ಬರುವ ಮೊದಲೇ ಹೋಗಿಬಿಟ್ಟ ಪಾಪದವರು, ಹೀಗೆ. ನೀರು ಬಂದಾಗ ನಾನು ಚಡ್ಡಿ ಹಾಕಿಕೊಂಡು ಓಡಾಡುವ ಗಟ್ಟಿ ಹುಡುಗ. ಎಲ್ಲವೂ ನೆನಪಿದೆ. ಆ ನೆನಪೇ ನನ್ನ ಹೊಟ್ಟೆಯ ಮೇಲೆ ಹೊಡೆಯಿತು ಎಂಬುದು ಈಗ ಹೇಳಹೊರಟಿರುವ ವಿಷಯ.

ನಾನು ಕಂಪ್ಲಿಯ ಒಂದು ರೈಸ್‌ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಆ ಕೆಲಸಕ್ಕೆ ಸೇರಿದ್ದನ್ನು ಹೇಳದಿದ್ದರೆ ವಯಸ್ಸು ನನ್ನನ್ನು ಎಷ್ಟು ಕಾಡಿದೆ ಎಂಬುದು ನಿಮಗೆ ಪೂರ್ತಿ ತಿಳಿಯುವುದಿಲ್ಲ. ಆಗ ನನಗೆ ಇಪ್ಪತ್ತರ ಮೇಲೆ ಸ್ವಲ್ಪ. ಕೆಲಸ ಕೇಳಲು ಹೋದಾಗ ಮಿಲ್ಲಿನ ಸಾವುಕಾರರು ಮೇಲಿಂದ ಕೆಳಗೆ ನೋಡಿ, "ಮೀಸಿ ನೆಟ್ಟಗ ಬಂದಿಲ್ಲ, ನಿನ್ನ ಕೈಯಾಗ ಭತ್ತದ ಲೆಕ್ಕ ಹೆಂಗ ಕೊಡ್ಲಪಾ? ಯಾರನ್ನರ ವಯಸ್ಸಾದವರನ್ನ ನೋಡತೀವಿ, ಹೋಗು" ಎಂದು ಕಳಿಸಿಬಿಟ್ಟರು. ಕಾಲುವೆಯಿಂದ ಭತ್ತ ಹೆಚ್ಚಾಗಿ ಎಲ್ಲಿ ನೋಡಿದರಲ್ಲಿ ಮಿಲ್ಲು ಎದ್ದ ಕಾಲ ಅದು. ಎಲ್ಲವೂ ಹೊಸದು, ಗಾದಿಯ ಮೇಲೆ ಕೂರುವ ಗುಮಾಸ್ತನ ತಲೆ ಮಾತ್ರ ಬೆಳ್ಳಗಿರಬೇಕು! ನಾನು ಎರಡು ತಿಂಗಳು ಸುಮ್ಮನಿದ್ದು, ಮೀಸೆ ಬಿಟ್ಟು, ಕಚ್ಚೆಪಂಚೆ ಉಟ್ಟು, ನಂಬರಿಲ್ಲದ ಕನ್ನಡಕ ಏರಿಸಿ, ಅದೇ ಸಾವುಕಾರರ ಮುಂದೆ "ಶಿವಶಿವಾ" ಎನ್ನುತ್ತ ಮಂಡಿ ಹಿಡಿದುಕೊಂಡು ಕೂತೆ. "ಹಿಂದಕ ಒಬ್ಬ ಹುಡುಗ ಬಂದಿದ್ದ, ನಿಮ್ಮ ತಮ್ಮೇನ್ರಿ?" ಎಂದರು. "ಹೌದ್ರಿ, ಸ್ವಲ್ಪ ಹುಡುಗಾಟದವ" ಎಂದೆ. ಕೆಲಸ ಸಿಕ್ಕಿತು. ಆ ಕನ್ನಡಕ ಮಾತ್ರ ಮೂಗಿಗೆ ಅಭ್ಯಾಸವಾಗಿ, ಮುಂದೆ ಅದಕ್ಕೆ ನಂಬರೂ ಬಂತು.

ಹದಿನಾರು ವರ್ಷ ನಡೆದ ಮೇಲೆ ಸಾವುಕಾರರು ತೀರಿಕೊಂಡು, ಅವರ ಮಕ್ಕಳು ಮಿಲ್ಲನ್ನು ಪಾಲು ಮಾಡಿಕೊಂಡರು. ಒಬ್ಬ ಯಂತ್ರ ತೆಗೆದುಕೊಂಡ, ಒಬ್ಬ ಕಣದ ಜಾಗ ತೆಗೆದುಕೊಂಡ, ಕಿರಿಯವ ತಕ್ಕಡಿ, ಲಾರಿ, ನಾಯಿ ಎಲ್ಲ ತೆಗೆದುಕೊಂಡ. ಗುಮಾಸ್ತನನ್ನು ಮಾತ್ರ ಯಾರೂ ಪಾಲಿಗೆ ಕೇಳಲಿಲ್ಲ. ಅವ್ವನ ಲೆಕ್ಕದಲ್ಲಿ ನಲವತ್ತರ ಹೊಸ್ತಿಲಲ್ಲಿ ನಾನು ಮತ್ತೆ ಕೆಲಸ ಹುಡುಕುವ ಹುಡುಗನಾದೆ. ಸಂಡೂರಿನಲ್ಲಿ ಒಂದು ಗಣಿ ಕಚೇರಿಗೆ ಜನ ಬೇಕೆಂದು ಕೇಳಿ ಅರ್ಜಿ ಹಿಡಿದು ಹೋದೆ. ಕಿಟಕಿಯ ಹಿಂದಿದ್ದವನು ತಲೆಯೆತ್ತಿ ನೋಡಿ, ಬಹಳ ಮರ್ಯಾದೆಯಿಂದ, "ಮಗಂದು ಅರ್ಜಿ ತಂದೀರೇನ್ರಿ? ಅಲ್ಲಿಟ್ಟು ಹೋಗ್ರಿ, ಹುಡುಗನ್ನ ನಾಳೆ ಕಳಸ್ರಿ" ಎಂದ. ಅವನ ಮರ್ಯಾದೆಗಿಷ್ಟು ಬೆಂಕಿ ಬೀಳಲಿ! ನನಗಿದ್ದದ್ದು ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಇನ್ನೂ ಶಾಲೆಯಲ್ಲಿ. ಅರ್ಜಿಯನ್ನು ಅಲ್ಲಿಟ್ಟೇ ಬಂದೆ. ಬಸ್ಸಿನ ಕಿಟಕಿಯಲ್ಲಿ ಬಂದ ಅದಿರಿನ ಧೂಳು ತಲೆಗೆ ಕೂತು, ಕಂಪ್ಲಿ ಮುಟ್ಟುವಷ್ಟರಲ್ಲಿ ಕೂದಲೆಲ್ಲ ಕೆಂಪಾಗಿತ್ತು. ಅದೊಂದು ದಿನ ನನ್ನ ನರೆ ಯಾರಿಗೂ ಕಾಣಲಿಲ್ಲ.

ಚಹಾದಂಗಡಿಯ ಗೆಳೆಯರಿಗಂತೂ ಹಬ್ಬ. "ಹಂಪಿಗೆ ಹೋಗಲೇ, ಅಲ್ಲಿ ಹಳೇ ಸಾಮಾನಿಗೆ ಬೆಲಿ ಐತಿ. ಕಂಬದ ಬಾಜೂಕ ನಿಂತ್ರ ಫಾರಿನ್ನವರು ಫೋಟೋ ತಕ್ಕೋತಾರ" ಎಂದು ಒಬ್ಬ ಅಂದರೆ, ಇನ್ನೊಬ್ಬ, "ಮೂಗು ಮೊದಲ ಮುರಸಿಕೊಂಡು ಹೋಗು" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಮನೆಗೆ ಬಂದರೆ ನಗು ನಿಲ್ಲುತ್ತಿತ್ತು. ನನ್ನ ಹೆಂಡತಿ ಗಿರಿಜೆ ನನಗೆ ಹೇಳದೆಯೇ ಅಂಗಡಿಯೊಂದಕ್ಕೆ ಹಪ್ಪಳ ಲಟ್ಟಿಸಿ ಕೊಡುವುದನ್ನು ಹಿಡಿದಿದ್ದಳು. ನಾನು ಬಂದ ಸಪ್ಪಳವಾದರೆ ಹಪ್ಪಳದ ಮೇಲೆ ಸೀರೆ ಮುಚ್ಚುತ್ತಿದ್ದಳು. ನನಗೆ ಗೊತ್ತಿಲ್ಲವೆಂದು ಅವಳು, ಅವಳಿಗೆ ಗೊತ್ತಿಲ್ಲವೆಂದು ನಾನು.

ಆಗ ಹೊಸಪೇಟೆಯಲ್ಲಿ ಹೊಸ ಟ್ರ್ಯಾಕ್ಟರ್ ಅಂಗಡಿಯೊಂದಕ್ಕೆ ಮ್ಯಾನೇಜರ್ ಬೇಕಾಗಿದ್ದಾನೆ ಎಂಬ ಸುದ್ದಿ ಬಂತು. ಚುರುಕಾದ ಯುವಕ ಬೇಕು, ಮೂವತ್ತೈದು ಮೀರಿರಬಾರದು ಎಂದು ಬಸ್‌ ಸ್ಟ್ಯಾಂಡಿನ ಗೋಡೆಗೇ ಅಂಟಿಸಿದ್ದರು. ನನ್ನ ಶಾಲೆಯ ವಯಸ್ಸು, ಉಸಿರು ಬಿಗಿಹಿಡಿದರೆ, ಅದರೊಳಗೆ ಕೂರುತ್ತಿತ್ತು. ಆದರೆ ಗಿರಿಜೆಯ ತಮ್ಮ ಟಿ.ಬಿ. ಡ್ಯಾಂನ ಕೆನಾಲ್ ಆಫೀಸಿನಲ್ಲಿದ್ದವನು, ಅಂಗಡಿಯ ಒಳಸುದ್ದಿಯನ್ನು ಹೊತ್ತುಕೊಂಡೇ ಬಂದ. "ಸರ್ಟಿಫಿಕೇಟು ಅಲ್ಲಿ ಯಾರೂ ನೋಡೂದಿಲ್ಲ ಭಾವ. ಅಂಗಡಿ ಮಗಂದು, ಅವಗ ಯಂಗ್ ಬೇಕು. ಹೊರಗ ಬೆಂಚಿನ ಮ್ಯಾಲೆ ಅವರಪ್ಪ ಕುಂತಿರತಾನ. ಬಂದವರನ್ನ ಕುಂದ್ರಿಸಿಕೊಂಡು, ಕೆನಾಲಿಗೆ ನೀರು ಬಂದದ್ದು ನೆನಪೈತೇನಪಾ ಅಂತ ಕೇಳತಾನ. ಐತ್ರಿ ಅಂದವರು ಅಲ್ಲಿಂದ ಹಂಗ ಬಸ್‌ ಸ್ಟ್ಯಾಂಡಿಗೆ."

ಇದನ್ನು ಕೇಳಿದ ಗಿರಿಜೆ ನನ್ನ ಮುಖ ನೋಡಿದ ರೀತಿಯನ್ನು ಏನೆಂದು ಹೇಳಲಿ! ನೀರು ಬಂದ ಕಥೆಯೆಂದರೆ ನನಗೆ ಪ್ರಾಣ. ಅವಳನ್ನು ನೋಡಲು ಹೋದ ದಿನ ಅವಳ ಅಪ್ಪ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟರೆ, ನಾನು ಹುಡುಗಿಯ ಮುಖ ನೋಡುವುದನ್ನೂ ಬಿಟ್ಟು ಕಾಲುವೆಯ ಕಥೆ ಹೇಳುತ್ತ ಕೂತಿದ್ದೆನಂತೆ. ಮಿಲ್ಲಿಗೆ ಭತ್ತ ತಂದ ರೈತರು ಗಾಡಿ ಬಿಚ್ಚುವುದರೊಳಗೆ ನಾನು ಕಥೆ ಬಿಚ್ಚುತ್ತಿದ್ದೆ. "ಬೆಂಕಿ ಬಿದ್ರೂ ಬಾಯಿ ತಗೀಬ್ಯಾಡ್ರಿ" ಎಂದಳು ಗಿರಿಜೆ. "ನೀರಂದ್ರ ನಿಮ್ಮ ಬಾಯಿ ನಿಲ್ಲೂದಿಲ್ಲ. ನನ್ನ ಮ್ಯಾಲೆ ಆಣಿ ಮಾಡ್ರಿ." ಆಣೆ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ. ನನ್ನ ಟವೆಲನ್ನು ತಲೆಗೆ ಸುತ್ತಿ ತಾನೇ ಮುದುಕನಾಗಿ ಮಣೆಯ ಮೇಲೆ ಕೂತು ಅಭ್ಯಾಸ ಮಾಡಿಸಿದಳು.

"ನೀರು ಬಂದದ್ದು ನೆನಪೈತೇನಪಾ?"

"ಇಲ್ರಿ ಅಜ್ಜಾರ. ಆಗ ನಾ ಕೂಸು. ಆದರ..."

"ಆದರ ಇಲ್ಲ! ಕೂಸಿಗೆ ಎಲ್ಲಿ ಆದರ? ಮತ್ತೊಮ್ಮೆ ಹೇಳ್ರಿ."

ಹುಡುಗಿಯರಿಬ್ಬರೂ ಬಾಗಿಲ ಹಿಂದೆ ಬಿದ್ದುಬಿದ್ದು ನಕ್ಕರು. ಕೊನೆಗೆ 'ಆದರ' ಇಲ್ಲದೆ ಹೇಳಲು ಕಲಿತೆ.

ಹೋಗುವ ದಿನ ನನ್ನ ಪಂಚೆಯನ್ನು ಗಿರಿಜೆ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ತಮ್ಮನ ಬೆಲ್‌ಬಾಟಂ ಪ್ಯಾಂಟು ಹಾಕಿಸಿದಳು. ಅವನು ಬಿದಿರಕಡ್ಡಿ, ನಾನು ಹದಿನಾರು ವರ್ಷ ಗಾದಿಯ ಮೇಲೆ ಕೂತವನು. ಪಾದದ ಹತ್ತಿರ ಇಬ್ಬರು ಓಡಾಡುವಷ್ಟು ಜಾಗ, ಸೊಂಟದ ಹತ್ತಿರ ಗಾಳಿಗೂ ಜಾಗವಿಲ್ಲ. ಕನ್ನಡಕ ಬೇಡವೆಂದಳು. ಹಾಗಾಗಿ ಬಸ್ಸಿನ ಬೋರ್ಡು ಕಾಣದೆ ಸಿರುಗುಪ್ಪದ ಬಸ್ಸು ಹತ್ತಿ, ಕಂಡಕ್ಟರನಿಂದ "ಯಜಮಾನ್ರ, ಇಳೀರಿ, ಹೊಸಪ್ಯಾಟಿ ಅತ್ಲಾಗ" ಎಂದು ಹೇಳಿಸಿಕೊಂಡು ಇಳಿದೆ. ಇಷ್ಟೆಲ್ಲ ಯುವಕನಾದರೂ ಯಜಮಾನ್ರ! ಸಿಟ್ಟು ಬಂದರೂ ನುಂಗಿಕೊಂಡೆ.

ಅಂಗಡಿಯ ಮುಂದೆ ಎರಡು ಕೆಂಪು ಟ್ರ್ಯಾಕ್ಟರು, ಅವುಗಳ ಮಗ್ಗುಲಿಗೆ ಬೆಂಚು, ಬೆಂಚಿನ ಮೇಲೆ ಹಣೆ ತುಂಬ ವಿಭೂತಿ ಧರಿಸಿದ ಮುದುಕ. ಪಂಪಜ್ಜ ಎಂದು ಎಲ್ಲರೂ ಕರೆಯುತ್ತಿದ್ದ ಮಾಲೀಕರ ಅಪ್ಪ ಇವನೇ. ಅವನ ಪಕ್ಕದಲ್ಲಿ ಚೌಕಳಿ ಅಂಗಿ ಹಾಕಿ, ಕಿವಿ ಮುಚ್ಚುವಂತೆ ಕೂದಲು ಬಿಟ್ಟ ಒಬ್ಬ ಉಮೇದುವಾರ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತೇನೆ, ನಮ್ಮೂರ ಈರಭದ್ರ! ಎಮ್ಮಿಗನೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನನಗಿಂತ ಒಂದು ವರ್ಷಕ್ಕೆ ದೊಡ್ಡವ. ನಮ್ಮೂರ ಶಾಲೆಯಲ್ಲಿ ನಪಾಸಾಗಿ, ಬುಕ್ಕಸಾಗರದ ಸೋದರಮಾವನ ಮನೆಗೆ ಹೋಗಿ, ಅಲ್ಲಿ ಇನ್ನೊಂದು ಶಾಲೆಗೆ ಹೊಸದಾಗಿ ಸೇರಿದ್ದ. ಹಾಗೆ ಎರಡನೆಯ ಸಲ ಹುಟ್ಟುವಾಗ ಇನ್ನೂ ಎಳೆಯನಾಗಿ ಹುಟ್ಟಿದ್ದ. ನನ್ನನ್ನು ನೋಡಿ ಒಂದು ಕಣ್ಣು ಮುಚ್ಚಿದ. ಸುಮ್ಮನಿರು ಎಂದು ಅರ್ಥವಾಯಿತು. ಅವನಿಗೂ ಮನೆ ನಡೆಯಬೇಕಿತ್ತು, ಮುಖದಲ್ಲೇ ಕಾಣುತ್ತಿತ್ತು. ನಾನೂ ಗುರುತಿಲ್ಲದವನಂತೆ ನಿಂತೆ. ಕೂರಲಿಲ್ಲ, ಪ್ಯಾಂಟು ಕೂರಲು ಬಿಡಲಿಲ್ಲ.

"ಏನಪಾ, ಕೆನಾಲಿಗೆ ನೀರು ಬಂದದ್ದು ನಿನಗ ನೆನಪೈತೇನು?" ಎಂದು ಪಂಪಜ್ಜ ಈರಭದ್ರನನ್ನು ಕೇಳಿದ.

ಈರಭದ್ರ ಹಾಲುಗಲ್ಲದ ಮುಖ ಮಾಡಿ, "ಬಂದದ್ದಂದ್ರ? ಕೆನಾಲಿನ್ಯಾಗ ನೀರು ಇರತೈತಲ್ರಿ. ಮೊದಲ ಇದ್ದಿದ್ದಿಲ್ಲೇನು?" ಎಂದ.

ನಾನು ಕೈ ಮುಗಿಯಬೇಕೆಂದುಕೊಂಡೆ. ಅವನ ಹೆಂಡತಿ ಎಷ್ಟು ದಿನ ಟವೆಲು ಸುತ್ತಿಕೊಂಡು ಕೂತಿದ್ದಳೋ! ಪಂಪಜ್ಜ ಹ್ಞೂಂ ಎಂದು ನನ್ನ ಕಡೆ ತಿರುಗಿದ. "ನಿನಗ?" "ಇಲ್ರಿ ಅಜ್ಜಾರ. ಆಗ ನಾ ಕೂಸು" ಎಂದೆ. 'ಆದರ' ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಪಂಪಜ್ಜ ತಲೆಯಾಡಿಸಿದ. ಮುಗಿಯಿತು, ಗೆದ್ದೆ, ಇನ್ನು ಹಪ್ಪಳ ಲಟ್ಟಿಸುವುದು ಬೇಡ ಎಂದು ಒಳಗೊಳಗೇ ಕುಣಿದೆ. ಆಗಲೇ ನನ್ನನ್ನು ಒಳಗೆ ಕರೆದಿದ್ದರೆ ನಾನು ಇಂದು ಏನಾಗಿರುತ್ತಿದ್ದೆನೋ. ಒಳಗೆ ಮಾಲೀಕ ಯಾರೊಂದಿಗೋ ಫೋನಿನಲ್ಲಿದ್ದ. ಹೊತ್ತು ಹೋಗಲಿ ಎಂಬಂತೆ ಪಂಪಜ್ಜ ಹಾಗೇ ಮಾತಿಗೆ ಶುರು ಮಾಡಿದ.

"ನೀವು ನೋಡಬೇಕಿತ್ತಪಾ. ಸಂಜಿ ಹೊತ್ತು. ಮುಂದ ಬ್ಯಾಂಡಿನವರು ಬಾರಿಸಿಕೋತ ಬಂದ್ರು."

ಬ್ಯಾಂಡು ಎಲ್ಲಿಂದ ಬರಬೇಕು? ನೀರು ಬಂದದ್ದು ಬೆಳಗಿನ ಊಟದ ಹೊತ್ತಿಗೆ. ಇರಲಿ, ಸುಮ್ಮನಿದ್ದೆ.

"ಮೊದಲನೇ ಕಾಯಿ ಒಡದದ್ದು ನಮ್ಮಪ್ಪ."

ಯಾರೂ ಒಡೆಯಲಿಲ್ಲ. ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾಯಿ ತಂದಿಟ್ಟು ತಂದಿಟ್ಟು ಚಟ್ನಿ ಮಾಡಿಕೊಂಡು ತಿಂದಾಗಿತ್ತು. ಇರಲಿ, ಮುದುಕನಿಗೆ ಅವರಪ್ಪನ ಆಸೆ. ಹಲ್ಲು ಕಚ್ಚಿದೆ. ಈರಭದ್ರ ಆಕಾಶ ನೋಡುತ್ತಿದ್ದ.

"ನೀರಂದ್ರ ಏನು ನೀರು! ಕನ್ನಡಿ ಇದ್ದಂಗ ಇತ್ತು. ಬಗ್ಗಿ ಮಾರಿ ನೋಡಿಕೊಂಡ್ವಿ."

"ಕನ್ನಡಿ ಎಲ್ಲಿತ್ರಿ ಅಜ್ಜಾರ!" ಎಂದು ಯಾರೋ ಕೂಗಿದರು. ನೋಡಿದರೆ ಆ ಯಾರೋ ನಾನೇ.

ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಗಿರಿಜೆಯ ಮೇಲಿನ ಆಣೆ, ಹಪ್ಪಳ, ಮೂವತ್ತೈದು, ಎಲ್ಲ ಕಾಲುವೆ ಪಾಲಾಯಿತು. ನೀರು ನೀರಿನ ಹಾಗೆ ಬರಲಿಲ್ಲ, ಕಸದ ಹಾಗೆ ಬಂತು ಎಂದೆ. ಮುಂದೆ ಬೊಗಸೆ ಬೊಗಸೆ ನೊರೆ, ಜಾಲಿಮುಳ್ಳು, ಒಣಗಿದ ಸೆಗಣಿ, ಯಾರದೋ ಹರಿದ ಚಪ್ಪಲಿ, ಅದರ ಮೇಲೆ ಹತ್ತಿ ಕೂತ ಚೇಳು. ನೆಲ ಅಷ್ಟು ಬಾಯಾರಿತ್ತು, ಬಿರುಕು ಬಂದಲ್ಲೆಲ್ಲ ನೀರು ನಿಂತು, ಬಿರುಕಿಗೆ ಕುಡಿಸಿ, ಆಮೇಲೆ ಮುಂದೆ ಬರುತ್ತಿತ್ತು. ಕಾಯಿ ಇಲ್ಲದ್ದಕ್ಕೆ ನಮ್ಮೂರ ಒಬ್ಬ ಮುದುಕಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು ಮುರಿದು ನೀರಿಗೆ ಹಾಕುತ್ತ, "ಉಣ್ಣವ್ವ, ಭಾಳ ದೂರದಿಂದ ನಡಕೊಂಡು ಬಂದಿ" ಎಂದಳು. ಗಂಡಸರು ಕೂಡ ಅತ್ತುಬಿಟ್ಟರು. ನಾವು ಹುಡುಗರು ಕಾಲುವೆಯ ಒಳಗೇ ಇಳಿದು, ನೀರಿನ ಕಡೆ ಮುಖ ಮಾಡಿ, ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ, ಮುಟ್ಟು ನೋಡೋಣ ಮುಟ್ಟು ನೋಡೋಣ ಎಂದು ನೀರನ್ನು ಕೆಣಕಿದೆವು. ಇದನ್ನೆಲ್ಲ ನಾನು ಅಭಿನಯಿಸಿಯೇ ತೋರಿಸಿದೆ. ಹಿಂದಕ್ಕೆ ಹೆಜ್ಜೆಯಿಡುತ್ತ ಟ್ರ್ಯಾಕ್ಟರಿನ ಗಾಲಿಗೆ ತಾಕಿ ನಿಂತೆ. "ಅಲ್ಲಿ ನನ್ನ ಕಾಲು ರಾಡಿಯಾಗ ಹೂತುಬಿಡ್ತು ಅಜ್ಜಾರ. ಎಳದ್ರ ಬರವಲ್ದು. ನೀರು ಮಂಡಿಗೆ ಬಂತು, ತೊಡಿಗೆ ಬಂತು. ಹಿಂಗ!" ಎಂದು ಕಾಲೆತ್ತಿ ತೋರಿಸುವಾಗ ಪ್ಯಾಂಟಿನ ಹಿಂದಿನ ಹೊಲಿಗೆಯೂ ತನ್ನ ಪಾಲಿನ ಒಂದು ಮಾತು ಹೇಳಿತು.

"ಆಮ್ಯಾಲೆ?" ಎಂದ ಪಂಪಜ್ಜ, ಕಣ್ಣು ಅಗಲಿಸಿ.

"ಆಮ್ಯಾಲೆ ಒಬ್ಬ ಹುಡುಗ ಹಿಂದ ತಿರುಗಿ ಓಡಿ ಬಂದು, ನನ್ನ ಜುಟ್ಟು ಹಿಡದು ಎಳದು ದಂಡಿಗೆ ಒಗದ. ಇಲ್ಲಿ ನೋಡ್ರಿ, ಇಲ್ಲಿ ಇನ್ನೂ ಕೂದಲ ಬಂದಿಲ್ಲ" ಎಂದು ನೆತ್ತಿ ತೋರಿಸಿದೆ.

"ಯಾರಪಾ ಆ ಹುಡುಗ?"

ಆಗ ನನಗೆ ಎಚ್ಚರವಾಯಿತು. ಆ ಹುಡುಗ ಎರಡು ಮೊಳದ ದೂರದಲ್ಲಿ ಚೌಕಳಿ ಅಂಗಿ ಹಾಕಿಕೊಂಡು ಕೂತಿದ್ದ. ಆಕಾಶ ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನನ್ನ ಕೆಲಸವಂತೂ ಹೋಗಿತ್ತು, ಹೆಸರು ಹೇಳಿದರೆ ಅವನದೂ ಹೋಗುತ್ತಿತ್ತು. ನನ್ನನ್ನು ರಾಡಿಯಿಂದ ಎಳೆದವನನ್ನು ನಾನು ರಾಡಿಗೆ ಹೇಗೆ ನೂಕಲಿ? "ತೀರಿಕೊಂಡ್ರಿ, ಪಾಪ" ಎಂದುಬಿಟ್ಟೆ.

"ಅಯ್ಯ ಶಿವನೇ!" ಎಂದು ಪಂಪಜ್ಜ ಕೈ ಮುಗಿದ. ಈರಭದ್ರ ಕೆಮ್ಮುತ್ತ ಎದೆ ಮುಟ್ಟಿಕೊಂಡ.

ಮಾಲೀಕ ರಾಜಶೇಖರ ಬಾಗಿಲಿಗೆ ಬಂದು ನನ್ನ ಕಥೆಯ ಕೊನೆಯನ್ನು ಕೇಳಿಸಿಕೊಂಡಿದ್ದ. ಈರಭದ್ರನನ್ನು ಒಳಗೆ ಕರೆದ, ಹೊರಗೆ ಬರುವಷ್ಟರಲ್ಲಿ ಅವನು ಮ್ಯಾನೇಜರ್. ನನಗೆ ಮಾತ್ರ, "ನಮಗ ಯಂಗ್ ಬೇಕಾಗಿತ್ರಿ, ತಪ್ಪು ತಿಳೀಬ್ಯಾಡ್ರಿ" ಎಂದ. ನಾನು ಟವೆಲಿಲ್ಲದ್ದಕ್ಕೆ ಅರ್ಜಿಯ ಫೈಲನ್ನು ಹಿಂದೆ ಹಿಡಿದುಕೊಂಡು, ಪ್ಯಾಂಟಿನ ಮಾನ ಕಾಯುತ್ತ ಹೊರಟೆ. ಹಿಂದಿನಿಂದ ಪಂಪಜ್ಜ ಮಗನಿಗೆ, "ಇಂವನ್ನ ಬಿಡಬ್ಯಾಡಲೇ. ಹಳ್ಳಿಂದ ಹಿರೇರು ಟ್ರ್ಯಾಕ್ಟರ್ ನೋಡಾಕ ಬರ್ತಾರ. ಹುಡುಗರು ಹೇಳಿದ್ರ ನಂಬತಾರೇನು? ಮಾತಾಡಾಕ ಒಬ್ಬ ವಯಸ್ಸಾದ ಮನಷ್ಯಾ ಬೇಕು, ನನ್ನ ಮಗ್ಗಲಕ ಕುಂದ್ರಸು" ಎನ್ನುವುದು ಕೇಳಿಸಿತು. ವಯಸ್ಸಾದ ಮನುಷ್ಯ! ಬೆಲ್‌ಬಾಟಂ ಹಾಕಿಕೊಂಡು ನಿಂತವನಿಗೆ! ನನಗೆ ಮೈಯೆಲ್ಲ ಉರಿದುಹೋಯಿತು. ಮುಖಕ್ಕೆ ಹೊಡೆದ ಹಾಗೆ ಏನಾದರೂ ಹೇಳಬೇಕೆಂದು ತಿರುಗಿದವನು, ಸೀರೆ ಮುಚ್ಚಿದ ಹಪ್ಪಳ ನೆನಪಾಗಿ, "ಯಾವಾಗಿಂದ ಬರ್ಲಿರಿ?" ಎಂದೆ.

ಹೀಗೆ ಬಿಡಿಭಾಗಗಳ ಕೌಂಟರಿನಲ್ಲಿ, ಬೆಂಚಿನ ಪಕ್ಕದಲ್ಲಿ, ಕಡಿಮೆ ಸಂಬಳಕ್ಕೆ, ಅಂಗಡಿಯ ಮುದುಕನಾಗಿ ನಾನು ನೇಮಕಗೊಂಡೆ. ಈರಭದ್ರ ಫ್ಯಾನಿನ ಕೆಳಗೆ ಗಾಜಿನ ಕೋಣೆಯಲ್ಲಿ ಯಂಗ್ ಮ್ಯಾನೇಜರ್. ಜನರ ಮುಂದೆ ನನ್ನನ್ನು "ಕಾಕಾ" ಎನ್ನುತ್ತಿದ್ದ, ಯಾರೂ ಇಲ್ಲದಾಗ "ಬಸ್ಯಾ". ಕಂಪ್ಲಿ, ಎಮ್ಮಿಗನೂರಿನ ಕಡೆಯ ಹಿರಿಯರು ಬಂದು ಕೂತರೆ ನಾನು ನೀರಿನ ಕಥೆ ತೆಗೆಯುತ್ತಿದ್ದೆ. ಒಣ ಕಾಲುವೆಯಿಂದ ಶುರುವಾದ ಕಥೆ ಗದ್ದೆ, ಕಬ್ಬು ಎಲ್ಲ ದಾಟಿ ಟ್ರ್ಯಾಕ್ಟರಿಗೆ ಬಂದು ನಿಲ್ಲುತ್ತಿತ್ತು. ವ್ಯಾಪಾರವೂ ಆಗುತ್ತಿತ್ತು. ಈರಭದ್ರ ಮಾತ್ರ ಪ್ರತಿ ಸಲವೂ ತಾನು ಸಾಯುವ ಜಾಗ ಬಂದಾಗ ಎದ್ದು ಒಳಗೆ ಹೋಗುತ್ತಿದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಮಾನೌಮಿ ಅಮಾವಾಸ್ಯೆ ಬಂತು. ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಪಂಪಜ್ಜ ನನ್ನನ್ನು ಕರೆದು, "ನಿನ್ನ ಜೀವಾ ಉಳಿಸಿದ ಹುಡುಗಗ ಎಡಿ ಇಡಾವರು ಅದಾರೇನು?" ಎಂದ. "ಯಾರೂ ಇದ್ದಂಗಿಲ್ರಿ" ಎಂದೆ. "ಹೆಸರೇನು?" ಥಟ್ಟನೆ ಬಾಯಿಗೆ ಬಂದದ್ದು ಹನುಮಂತ. ಪಂಪಜ್ಜನ ಮನೆಯಲ್ಲಿ ಅವರ ಹಿರಿಯರ ಸಾಲಿನ ಕೊನೆಗೆ ಹನುಮಂತನಿಗೂ ಒಂದು ಎಲೆ ಬಿತ್ತು. ಊಟಕ್ಕೆ ನಾವಿಬ್ಬರೂ ಹೋಗಲೇಬೇಕಾಯಿತು. ಹನುಮಂತನ ಎಡೆಯ ಹೋಳಿಗೆಯನ್ನು ಪಂಪಜ್ಜ ತನ್ನ ಕೈಯಾರೆ ಈರಭದ್ರನ ಎಲೆಗೇ ಹಾಕಿ, "ಉಣ್ಣಪಾ, ನೀ ಅವನ ಮಗನ ವಾರಿಗಿಯವನಂಗ ಕಾಣತಿ" ಎಂದ. ಈರಭದ್ರ ತುಪ್ಪ ಕೇಳಿ ಹಾಕಿಸಿಕೊಂಡು ಉಂಡ. ಹೊರಗೆ ಬಂದ ಮೇಲೆ, "ಲೇ ಬಸ್ಯಾ, ಸಾಯಿಸೂದು ಸಾಯಿಸಿದಿ, ಹೋಳಿಗಿನರ ನನ್ನ ಹೆಸರಿನ್ಯಾಗ ಹಾಕಸಬಾರದಾ?" ಎಂದು ಬೆನ್ನಿಗೆ ಗುದ್ದಿದ. ಮುಂದೆ ವರ್ಷ ವರ್ಷವೂ ಹನುಮಂತನಿಗೆ ಹೋಳಿಗೆ ತಪ್ಪಲಿಲ್ಲ.

ಇಷ್ಟಾದರೂ ನನ್ನ ಒಳಗಿನ ಉರಿ ಆರಿರಲಿಲ್ಲ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ, ಸಿಕ್ಕಸಿಕ್ಕವರ ಮುಂದೆ ಇದೇ ಹಾಡು. ಹುಡುಗನಿದ್ದಾಗ ಹುಡುಗ ಎಂದು ಬಿಟ್ಟರು, ಕೆಲಸ ಕಲಿತ ಮೇಲೆ ಮುದುಕ ಎಂದು ಬಿಟ್ಟರು, ನಡುವೆ ಸರಿಯಾದ ವಯಸ್ಸು ಅಂತ ಒಂದು ಇದ್ದದ್ದಾದರೂ ಯಾವಾಗ, ನಾನು ನಿದ್ದೆಯಲ್ಲಿದ್ದಾಗಲೇ? ಎಂದು. ಒಂದು ವರ್ಷ ಎಡೆಯ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬೆಂಚಿನ ಮೇಲೆ ಕೂತಾಗ ಪಂಪಜ್ಜನ ಮುಂದೆಯೇ ಈ ಹಾಡು ತೆಗೆದೆ. "ವಯಸ್ಸು ನೋಡಿ ಮನಷ್ಯಾರನ್ನ ಬಿಡಬಾರದ್ರಿ ಅಜ್ಜಾರ. ಅವತ್ತು ಆ ಕೆಲಸ ನನಗ ಸಿಗಬೇಕಾಗಿತ್ತು."

ಪಂಪಜ್ಜ ಎದ್ದು ಎಲೆಯಡಿಕೆ ಉಗುಳಿ ಬಂದು ಕೂತ. ಆಮೇಲೆ, "ಹನುಮಂತ ಇವತ್ತು ನಾಕು ಹೋಳಿಗಿ ತಿಂದ ನೋಡು" ಎಂದ.

ನನಗೆ ಎಲೆಯಡಿಕೆ ನೆತ್ತಿಗೇರಿತು.

"ಮೊದಲನೇ ದಿನಾನ ಗೊತ್ತಾತು" ಎಂದ ಮುದುಕ. "ನಿನ್ನ ಕಾಲು ಹೂತದ್ದು ಕೇಳಿ ಆಮ್ಯಾಲೆ ಏನಾತು ಅಂತ ಕೇಳಿದಂವ ನಾ ಒಬ್ಬನ. ಅಂವ ಕೇಳಲಿಲ್ಲ. ಅಂವಗ ಗೊತ್ತಿತ್ತು. ಸತ್ತ ಅಂದಾಗ ಎದಿ ಮುಟ್ಟಿ ನೋಡಿಕೊಂಡ."

"ಮತ್ತ ಅವನ ವಯಸ್ಸು? ಅಂವ ನನಗಿಂತ ದೊಡ್ಡಾಂವ ಅದಾನ್ರಿ!"

"ವಯಸ್ಸು ನನ್ನ ಮಗನ ಹುಚ್ಚು. ನನಗ ಬೇಕಾಗಿದ್ದು ಬ್ಯಾರೆ. ಮ್ಯಾನೇಜರ್ ಅಂದ್ರ ಅಂಗಡಿ ಗುಟ್ಟು ಹೊಟ್ಟಿಯಾಗ ಇಟಗೊಳ್ಳಾವ ಬೇಕು. ಹೇಳಬಾರದ್ದನ್ನ ಕೆಣಕಿದ್ರೂ ಹೇಳದಾಂವ. ಅದಕ್ಕ ನೀರಿನ ಮಾತು ಎತ್ತಿ, ಬೇಕಂತನ ತಪ್ಪು ತಪ್ಪು ಹೇಳತಿದ್ದೆ. ನೀ ಬ್ಯಾಂಡಿಗೆ ಬಾಯಿ ಬಿಡಲಿಲ್ಲ, ಕಾಯಿಗೂ ಬಿಡಲಿಲ್ಲ. ಪರವಾಗಿಲ್ಲ ಈ ಹುಡುಗ ಅನ್ಕೊಂಡೆ. ಕನ್ನಡಿಗೆ ಬಿದ್ದುಬಿಟ್ಟಿ."

ನಾನು ಮನೆಗೆ ಹೋಗಿ, ಕೈಕಾಲು ಸಹ ತೊಳೆಯದೆ ಇದನ್ನು ಗಿರಿಜೆಗೆ ಹೇಳಿದೆ. ಛೇ ಛೇ, ಹಂಗೇನಿಲ್ರಿ, ಮುದುಕಗ ಅರಳು ಮರಳು ಎಂದು ಅವಳು ಅನ್ನುತ್ತಾಳೆಂದು ಕಾದೆ. ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸದೆ, "ಅದನ್ನ ತಿಳಿಯಾಕ ನಿಮಗ ಇಷ್ಟು ವರ್ಷ ಹಿಡೀತೇನ್ರಿ?" ಎಂದಳು. ಅಂದಿನಿಂದ ಇಂದಿನವರೆಗೂ ಹೊರಗಿನವರು ಯಾರಾದರೂ ಕೇಳಿದರೆ, ವಯಸ್ಸಿನಿಂದಾಗಿ ಆ ಕೆಲಸ ತಪ್ಪಿತು ಎಂದೇ ಹೇಳುತ್ತಿದ್ದೇನೆ. ವಯಸ್ಸು ಎಂದರೆ ಜನ ಮರುಗಿ ಚಹಾ ಕುಡಿಸುತ್ತಾರೆ. ಬಾಯಿಯಿಂದಾಗಿ ತಪ್ಪಿತು ಎಂದರೆ ಯಾರು ಕುಡಿಸುತ್ತಾರೆ?

ಪಂಪಜ್ಜ ಈಗಿಲ್ಲ. ಬೆಂಚಿನ ಮೇಲೆ ನಾನೊಬ್ಬನೇ. ರಾಜಶೇಖರನಿಗೆ ಈಗ ಮತ್ತೆ ಯಂಗ್ ಬೇಕಾಗಿದೆ, ಐವತ್ತು ದಾಟಿದವರನ್ನು ಮನೆಗೆ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಸರ್ಟಿಫಿಕೇಟಿನಲ್ಲಿ ಈರಭದ್ರ ಇನ್ನೂ ಅದರ ಈಚೆ ಇದ್ದಾನೆ. ಮೊನ್ನೆ ಗಾಜಿನ ಕೋಣೆಗೆ ನನ್ನನ್ನು ಕರೆದು, ಬಾಗಿಲು ಹಾಕಿ, ಕೈ ಹಿಡಿದುಕೊಂಡ. "ಬಸ್ಯಾ, ಬರೋ ವೈಶಾಖದಾಗ ಮಗಳ ಲಗ್ನ. ಅಲ್ಲೀತನಕ ನೌಕರಿ ಇರಬೇಕು. ನನ್ನ ಖರೇ ವಯಸ್ಸು ಗೊತ್ತಿದ್ದಾಂವ ಈಗ ನೀ ಒಬ್ಬನ. ಲಗ್ನ ಆಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡಪಾ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಗಿರಿಜೆಯ ಮೇಲೆ ಆಣೆ ಮಾಡಿ ಮಾತು ಕೊಟ್ಟೆ.

ಹುಡುಗಿಯ ಲಗ್ನ ಇನ್ನೂ ಆಗಿಲ್ಲ, ನೀವಾದರೂ ಯಾರ ಮುಂದೂ ಬಾಯಿ ಬಿಡಬೇಡಿ.